ಹನ್ನೊಂದನ್ನೂ ಒಟ್ಟಿಗೆ ಒತ್ತಿದ ದಿನ

ನನ್ನ ಮೊಮ್ಮಗಳು ಭೂಮಿಕಾ ಇವತ್ತು ಮಧ್ಯಾಹ್ನ ತನ್ನ ಮೇಲಿನವನಿಗೆ 'ಆಗಲ್ಲ ಸಾರ್' ಎಂದಿದ್ದಾಳೆ. ಹೂಡಿಯಲ್ಲಿ ಅವಳ ಆಫೀಸು. ಕೆಲಸಕ್ಕೆ ಸೇರಿ ಐದು ತಿಂಗಳು, ಇನ್ನೂ ಕಾಯಂ ಆಗಿಲ್ಲ. ಅಂಥವಳು ಅಷ್ಟು ಜನರ ಮುಂದೆ ಆಗಲ್ಲ ಎಂದು, ಮೆಟ್ಟಿಲ ಹತ್ತಿರ ಬಂದು ನಿಂತು ಫೋನ್ ಮಾಡಿದ್ದು ಅಪ್ಪನಿಗಲ್ಲ, ಅಮ್ಮನಿಗಲ್ಲ, ನನಗೆ. ಈ ಸಂತೋಷವನ್ನು ಒಬ್ಬನೇ ಇಟ್ಟುಕೊಳ್ಳಲಾರದೆ ಹಾಲಿನ ಬೂತಿನವನಿಗೆ ಹೇಳಿದೆ, ಎದುರು ಮನೆಯ ಮೇಷ್ಟರಿಗೆ ಹೇಳಿದೆ, ಕರೆಂಟ್ ಮೀಟರ್ ಓದಲು ಬಂದವನನ್ನು ನಿಲ್ಲಿಸಿ ಹೇಳಿದೆ. ಇದರಲ್ಲಿ ಸಂತೋಷಪಡುವಂಥದ್ದು ಏನಿದೆ ಎಂದು ಯಾರಿಗೂ ತಿಳಿಯಲಿಲ್ಲ. ಮೀಟರಿನವನು "ಒಳ್ಳೇದಾಯ್ತು ಬಿಡಿ ತಾತ" ಎಂದು ಬಿಲ್ಲು ಕೈಗೆ ಕೊಟ್ಟು ಹೋದ.

ಫೋನಿನಲ್ಲಿ ನಡೆದ ಮಾತು ಇಷ್ಟು.

"ತಾತ, ಒಂದು ಆಸ್ಪತ್ರೆ ವೆಬ್‌ಸೈಟು. ಡಾಕ್ಟರ್ ಅಪಾಯಿಂಟ್‌ಮೆಂಟ್ ಎಲ್ಲಾ ಅದರಲ್ಲೇ. ಹದಿನಾಲ್ಕು ಪ್ಲಗಿನ್ ಹಳೇದಾಗ್ಬಿಟ್ಟಿವೆ. ಎಲ್ಲಾ ಸೆಲೆಕ್ಟ್ ಮಾಡಿ ಒಂದೇ ಸಲ ಅಪ್‌ಡೇಟ್ ಒತ್ತು ಅಂದ್ರು. ಬ್ಯಾಕಪ್ ಎಲ್ಲಿದೆ ಸಾರ್ ಅಂದೆ. ಇರತ್ತೆ ಎಲ್ಲೋ, ಒತ್ತಮ್ಮ ಅಂದ್ರು. ಆಗಲ್ಲ ಸಾರ್ ಅಂದ್ಬಿಟ್ಟೆ."

"ಆಮೇಲೇನಂದ?"

"ಸಂಜೆ ನಿನ್ನ ಪ್ರೊಬೇಷನ್ ವಿಷಯ ಮಾತಾಡೋಣ ಅಂದ್ರು."

"ಭೇಷ್."

"ತಾತ, ಕೆಲಸ ಹೋಗ್ಬೋದು."

"ಹೋದ್ರೆ ಹೋಗ್ಲಿ. ಊಟ ಮಾಡಿದ್ಯಾ?"

ಪಕ್ಕದಲ್ಲೇ ಸೊಪ್ಪು ಬಿಡಿಸುತ್ತಿದ್ದ ನನ್ನ ಹೆಂಡತಿ ಗಂಗಮ್ಮ ಕೇಳಿಸಿಕೊಂಡಳು. "ಮಗೀಗೆ ಕೆಲ್ಸ ಓಗೋ ಅಂಗಾಗೈತೆ, ನೀವು ನೋಡುದ್ರೆ ಅಲ್ಲು ಬಿಡ್ತಾ ಕುಂತಿದೀರ" ಎಂದಳು. ಮಗ ಉಮೇಶನಿಗೆ ತಿಳಿಸಿದಾಗ ಅವನು ಅದಕ್ಕಿಂತ ಹೆಚ್ಚೇ ಸಿಟ್ಟಾದ. "ಅಪ್ಪ, ಇವೆಲ್ಲಾ ನೀವೇ ಅವಳ ತಲೆಗೆ ತುಂಬಿದ್ದು" ಎಂದು ಫೋನಿಟ್ಟ. ಹೌದು, ನಾನೇ ತುಂಬಿದ್ದು. ಅವಳು ಮನೆಗೆ ಬರುವಷ್ಟರಲ್ಲಿ ಏಳೂವರೆಯಾದರೂ ಆಗುತ್ತದೆ. ಕೆಲಸ ಉಳಿಯಿತೋ ಇಲ್ಲವೋ ಎನ್ನುವುದು ಅಲ್ಲಿಯತನಕ ತಿಳಿಯುವುದಿಲ್ಲ. ಸುಮ್ಮನೆ ಬಾಗಿಲು ನೋಡುತ್ತಾ ಕೂರುವ ಬದಲು, ಈ ವೆಬ್‌ಸೈಟು ನೋಡಿಕೊಳ್ಳುವ ಕೆಲಸಕ್ಕೆ ಹೊಸದಾಗಿ ಸೇರುವವರಿಗೆ ನಾನು ಕಂಡದ್ದನ್ನು ಬರೆದಿಡುತ್ತೇನೆ.

ನಾನು ಓದಿದ್ದು ಏಳನೇ ಕ್ಲಾಸು. ಪೀಣ್ಯದಲ್ಲಿ ನೀರೆತ್ತುವ ಪಂಪುಗಳಿಗೆ ನೀರು ಸೋರದಂತೆ ಕೂರಿಸುವ ಸೀಲು ಮಾಡುವ ಒಂದು ಸಣ್ಣ ಕಾರ್ಖಾನೆಯಲ್ಲಿ ಮೇಂಟೆನೆನ್ಸ್ ಫಿಟ್ಟರ್ ಆಗಿದ್ದೆ. ನಮ್ಮ ಯಜಮಾನರು ಯಾರದೋ ಮಾತು ಕೇಳಿ ಕಾರ್ಖಾನೆಗೆ ಒಂದು ವೆಬ್‌ಸೈಟು ಮಾಡಿಸಿದರು. ಯಾವ ಪಂಪಿಗೆ ಯಾವ ಅಳತೆಯ ಸೀಲು ಎಂಬ ಪಟ್ಟಿ ಅದರಲ್ಲಿತ್ತು. ಬೇಕಾದವರು ಒಂದು ಫಾರ್ಮು ತುಂಬಿ ಕಳಿಸಿದರೆ ನಮಗೆ ಮೇಲ್ ಬರುತ್ತಿತ್ತು. ಎರಡೇ ವರ್ಷದಲ್ಲಿ ಅರ್ಧ ಆರ್ಡರು ಆ ಫಾರ್ಮಿನಿಂದಲೇ ಬರತೊಡಗಿತು.

ಅದನ್ನು ಮಾಡಿಕೊಟ್ಟವರು ವೈಟ್‌ಫೀಲ್ಡಿನ ಒಂದು ಕಂಪನಿಯವರು. ಅಲ್ಲಿಂದ ಬರುತ್ತಿದ್ದವನ ಹೆಸರು ಕಿರಣ್. ಇಂಜಿನಿಯರು. ಕುತ್ತಿಗೆಗೆ ಬಿಲ್ಲೆ, ಕಿವಿಗೆ ಹೆಡ್‌ಫೋನು, ಮೆಷಿನ್ ಶಾಪಿನೊಳಗೆ ಕಾಲಿಟ್ಟರೆ ಕರ್ಚೀಫು ಮೂಗಿಗೆ. ಒಂದು ಸೋಮವಾರ ಬೆಳಿಗ್ಗೆ ವೆಬ್‌ಸೈಟು ತೆರೆದರೆ ಸುಣ್ಣ ಬಳಿದ ಗೋಡೆಯ ಹಾಗೆ ಬರೀ ಬಿಳಿ. ಯಜಮಾನರು ಅವನನ್ನು ಕರೆಸಿದರು. ನಾನು ಅದೇ ಕೋಣೆಯಲ್ಲಿ ಫ್ಯಾನು ಬಿಚ್ಚಿಕೊಂಡು ಸ್ಟೂಲಿನ ಮೇಲೆ ನಿಂತಿದ್ದೆ.

"ಏನ್ ಮಾಡಿದ್ರಿ ಇದಕ್ಕೆ?"

"ಏನಿಲ್ಲ ಸಾರ್. ಶುಕ್ರವಾರ ಪ್ಲಗಿನ್ಸ್ ಅಪ್‌ಡೇಟ್ ಮಾಡಿದ್ವಿ ಅಷ್ಟೇ."

"ಯಾವುದು ಕೆಟ್ಟಿದ್ದು?"

"ಅದೇ ಗೊತ್ತಾಗ್ತಿಲ್ಲ ಸಾರ್. ಎಲ್ಲಾ ಒಟ್ಟಿಗೆ ಮಾಡಿದ್ವಿ."

ನನಗೆ ತಡೆಯಲಾಗಲಿಲ್ಲ. ಮೇಲಿನಿಂದಲೇ ಕೇಳಿದೆ: "ತೆಗೆದ ಹಳೇ ಪಾರ್ಟು ಎಲ್ಲಿಟ್ರಿ ಸಾರ್?"

"ಹಳೇದು ಇರಲ್ಲ ಅಂಕಲ್. ಹೊಸದು ಅದರ ಮೇಲೇ ಕೂತ್ಬಿಡತ್ತೆ."

"ಅಂದ್ರೆ ಹಳೇದನ್ನ ಎಸೆದು, ಹೊಸದು ಕೂರತ್ತೋ ಇಲ್ವೋ ನೋಡ್ದೆ, ಬಾಗಿಲು ಹಾಕ್ಕೊಂಡು ಮನೆಗೆ ಹೋದ್ರಾ?"

ಯಜಮಾನರು ನಗತೊಡಗಿದರು. ಕಿರಣ್ ನಗಲಿಲ್ಲ. ಅದನ್ನು ಸರಿಮಾಡಲು ಅವನಿಗೆ ನಾಲ್ಕು ದಿನ ಹಿಡಿಯಿತು. ಐದನೆಯ ದಿನ ಯಜಮಾನರು ನನ್ನನ್ನು ಕರೆದು, "ರಂಗ, ಇನ್ಮೇಲೆ ಇದನ್ನೂ ನೀನೇ ನೋಡ್ಕೊ. ಇದೂ ಒಂದು ಮೆಷಿನ್ನೇ ಕಣಯ್ಯ, ಎಣ್ಣೆ ಕೇಳಲ್ಲ ಅಷ್ಟೇ" ಎಂದರು. ತಮಾಷೆ ಎಂದುಕೊಂಡೆ. ತಮಾಷೆಯಾಗಿರಲಿಲ್ಲ.

ಪ್ಲಗಿನ್ ಎಂದರೇನು ಎಂದು ನನಗೆ ಅರ್ಥವಾದದ್ದು ಹೀಗೆ. ವೆಬ್‌ಸೈಟು ಲೋಹ ಕಡೆಯುವ ಒಂದು ಲೇತು ಮೆಷಿನ್ನು ಎಂದಿಟ್ಟುಕೊಳ್ಳಿ. ಅದರ ಮೈಗೆ ಬೇರೆ ಬೇರೆ ಊರಿನ, ಒಬ್ಬರ ಮುಖ ಒಬ್ಬರು ನೋಡದ ಜನ ಮಾಡಿದ ಅಟ್ಯಾಚ್‌ಮೆಂಟುಗಳನ್ನು ಸಿಕ್ಕಿಸಿರುತ್ತಾರೆ. ಫಾರ್ಮಿಗೊಂದು, ಮೇಲ್ ಕಳಿಸುವುದಕ್ಕೊಂದು, ಫೋಟೋ ತೋರಿಸುವುದಕ್ಕೊಂದು. ಅವರವರು ಅವರವರದನ್ನು ತಿದ್ದಿ ಹೊಸದು ಮಾಡಿ ಕಳಿಸುತ್ತಲೇ ಇರುತ್ತಾರೆ. ಹಾಕದೆ ಬಿಟ್ಟರೆ ಕಳ್ಳರು ನುಗ್ಗುವ ಸಂದು ಉಳಿಯುತ್ತದೆ. ಕಣ್ಣು ಮುಚ್ಚಿ ಹಾಕಿದರೆ ಒಂದಕ್ಕೊಂದು ಹಲ್ಲು ಕೂರುವುದಿಲ್ಲ. ಇಷ್ಟೇ ವಿಷಯ. ಇದಕ್ಕೆ ನಾಲ್ಕು ವರ್ಷ ಕಾಲೇಜು ಬೇಕಂತೆ.

ಫಿಟ್ಟರನ ಅಭ್ಯಾಸ ಒಂದಿದೆ. ಗೇರ್‌ಬಾಕ್ಸು ಬಿಚ್ಚುವ ಮುಂಚೆ ನೆಲಕ್ಕೆ ಹಳೆಯ ಪೇಪರು ಹಾಸುತ್ತೇವೆ. ಬಿಚ್ಚಿದ ಬೋಲ್ಟು, ವಾಷರು, ಪಿನ್ನು ಎಲ್ಲವನ್ನೂ ಬಿಚ್ಚಿದ ಕ್ರಮದಲ್ಲೇ ಜೋಡಿಸುತ್ತೇವೆ. ಒಂದು ಹೊತ್ತಿಗೆ ಒಂದೇ ಪಾರ್ಟು ಬದಲಿಸುತ್ತೇವೆ. ಲೋಡು ಕೊಡದೆ ಓಡಿಸಿ, ಕಿವಿಯಿಟ್ಟು ಕೇಳಿ, ಆಮೇಲೆ ಮುಂದಿನದು. ನಾನು ವೆಬ್‌ಸೈಟಿಗೂ ಅದನ್ನೇ ಮಾಡಿದೆ. ಪೇಪರಿನ ಬದಲು ಒಂದು ನೋಟ್‌ಬುಕ್ಕು. ತಾರೀಖು, ಪ್ಲಗಿನ್ನಿನ ಹೆಸರು, ಹಳೆಯ ನಂಬರು, ಹೊಸ ನಂಬರು, ಹಾಕಿದ ಮೇಲೆ ಏನೇನು ಪರೀಕ್ಷೆ ಮಾಡಿದೆ. ಹೊಸದರಲ್ಲಿ ಏನು ಬದಲಾಗಿದೆ ಎಂದು ಇಂಗ್ಲಿಷಿನಲ್ಲಿ ಬರೆದಿರುತ್ತಾರಲ್ಲ, ಅದನ್ನು ಓದಿ ಹೇಳಲು ಆಫೀಸಿನ ವಿಮಲಾ ಇದ್ದರು. ಬರುವ ಮೇಲ್‌ಗಳನ್ನು ನೋಡಿ ಉತ್ತರ ಕೊಡುವುದು ಅವರ ಕೆಲಸ. ನನಗಿಂತ ಇಪ್ಪತ್ತು ವರ್ಷ ಚಿಕ್ಕವರು, ಬಾಯಿ ಮಾತ್ರ ನನಗಿಂತ ದೊಡ್ಡದು.

"ರಂಗಣ್ಣ, ಇದರಲ್ಲಿ 'ಸಣ್ಣಪುಟ್ಟ ದೋಷ ಸರಿಪಡಿಸಲಾಗಿದೆ' ಅಂತ ಬರೆದಿದಾರೆ."

"ಯಾವ ದೋಷ?"

"ಅದು ಬರೆದಿಲ್ಲ."

"ಹಂಗಾದ್ರೆ ಹದಿನೈದು ದಿನ ಬಿಡಮ್ಮ. ಮೊದಲು ಬೇರೆಯವರ ಮೆಷಿನ್ ಒಡೀಲಿ, ಆಮೇಲೆ ನೋಡಣ."

"ನೀವು ಇಂಜಿನಿಯರ್ ಆಗಿದ್ರೆ ದೇಶ ಮುಂದಕ್ಕೇ ಹೋಗ್ತಿರ್ಲಿಲ್ಲ ರಂಗಣ್ಣ" ಎಂದು ನಗುತ್ತಿದ್ದರು. ಆದರೆ ಕಳ್ಳರ ಸಂದು ಮುಚ್ಚುವಂಥದ್ದು ಎಂದು ಬರೆದಿದ್ದರೆ ಅದನ್ನು ಮಾತ್ರ ಅದೇ ದಿನ ಹಾಕುತ್ತಿದ್ದೆ. ಈ ಎರಡರ ವ್ಯತ್ಯಾಸ ಓದಿ ತಿಳಿಯಬೇಕು. ಈಗಿನವರು ಓದುವುದಿಲ್ಲ. ಅಪ್‌ಡೇಟ್ ಬಾಕಿಯಿದೆ ಎನ್ನುವ ಕೆಂಪು ಚುಕ್ಕೆ ಕಂಡರೆ ಬೆರಳು ತುರಿಸುತ್ತದೆ.

ಕಿರಣ್ ನಮ್ಮ ಸೈಟಿಗೆ ಏನೇನು ಸಿಕ್ಕಿಸಿದ್ದನೆಂದು ಒಂದೊಂದಾಗಿ ನೋಡಿದೆ. ಎಷ್ಟು ಜನ ಬಂದರು ಎಂದು ಎಣಿಸುವುದಕ್ಕೆ ಮೂರು. ಮೂರೂ ಬೇರೆ ಬೇರೆ ಲೆಕ್ಕ ತೋರಿಸುತ್ತಿದ್ದವು. ಪರದೆಯ ಮೇಲೆ ಹಿಮ ಬೀಳಿಸುವುದಕ್ಕೆ ಒಂದು. ಯಾವುದೋ ಕ್ರಿಸ್‌ಮಸ್ಸಿಗೆ ಹಾಕಿ ತೆಗೆಯಲು ಮರೆತಿದ್ದ. ಬೋರ್‌ವೆಲ್ ಪಂಪಿನ ಸೀಲು ಹುಡುಕಿಕೊಂಡು ಬಂದ ರೈತನ ಮೇಲೆ ಬೇಸಿಗೆಯುದ್ದಕ್ಕೂ ಹಿಮ ಸುರಿಯುತ್ತಿತ್ತು. ಫೋನ್ ಮಾಡಿ "ಇದು ಬೇಕಾ?" ಎಂದು ಕೇಳಿದರೆ, "ಇರಲಿ ಅಂಕಲ್, ಲುಕ್ ಚೆನ್ನಾಗಿರತ್ತೆ" ಎಂದ. ತೆಗೆದುಹಾಕಿದೆ. ಇನ್ನೊಂದು ಪ್ಲಗಿನ್ನು ಮಾಡಿದವನು ಅದನ್ನು ಕೈಬಿಟ್ಟು ಎಷ್ಟೋ ಕಾಲವಾಗಿತ್ತು, ವಾರಸುದಾರರೇ ಇಲ್ಲ. ಅದನ್ನೂ ತೆಗೆದೆ. ಇಪ್ಪತ್ತಾರು ಇದ್ದದ್ದು ಹದಿನೈದಕ್ಕಿಳಿಯಿತು. ಸೈಟು ಮೊದಲಿಗಿಂತ ಬೇಗ ತೆರೆದುಕೊಳ್ಳತೊಡಗಿತು. ಇಲ್ಲದ ಪಾರ್ಟು ಕೆಡುವುದಿಲ್ಲ ಎನ್ನುವುದು ಯಾವ ಕಾಲೇಜಿನಲ್ಲೂ ಹೇಳಿಕೊಡುವುದಿಲ್ಲವೋ ಏನೋ.

ನಾನೂ ಪೆದ್ದುತನ ಮಾಡಿದ್ದೇನೆ. ಪ್ರತಿ ಸಲ ಬದಲಿಸುವ ಮುಂಚೆ ಬ್ಯಾಕಪ್ ತೆಗೆದು ಜೋಪಾನ ಮಾಡುತ್ತಿದ್ದೆ. ಒಂದು ವರ್ಷ ಹಾಗೆ ಮಾಡಿ ಜಂಬದಿಂದ ಓಡಾಡಿದೆ. ಆಮೇಲೆ ಒಂದು ದಿನ ಅದನ್ನು ವಾಪಸ್ ಹಾಕಬೇಕಾಗಿ ಬಂತು. ಹಾಕಿ ನೋಡಿದರೆ ಫೋಟೋಗಳು, ಬಣ್ಣ, ಮೇಲಿನ ತಗಡು ಎಲ್ಲಾ ಇದೆ. ಸೀಲುಗಳ ಪಟ್ಟಿಯೇ ಇಲ್ಲ. ಪಟ್ಟಿ, ಬರಹ ಇವೆಲ್ಲಾ ಡೇಟಾಬೇಸ್ ಎಂಬ ಬೇರೆ ಡಬ್ಬಿಯಲ್ಲಿರುತ್ತವಂತೆ. ನಾನು ಆ ಡಬ್ಬಿಯನ್ನು ಒಂದು ಸಲವೂ ತೆಗೆದಿಟ್ಟಿರಲಿಲ್ಲ. ವಿಮಲಾ ಮತ್ತು ನಾನು ಹಳೆಯ ಕ್ಯಾಟಲಾಗು ಮುಂದಿಟ್ಟುಕೊಂಡು ಮೂರು ದಿನ ಕೂತು ಅಷ್ಟನ್ನೂ ಮತ್ತೆ ಟೈಪ್ ಮಾಡಿದೆವು. ಅವರು ಟೈಪ್ ಮಾಡಿದರು, ನಾನು ಅಳತೆ ಓದಿದೆ. ಅವತ್ತಿನಿಂದ ಸೈಟಿನ ಒಂದು ಕಾಪಿಯನ್ನು ಬೇರೆ ಜಾಗದಲ್ಲಿ ಇಟ್ಟುಕೊಂಡೆ. ಬ್ಯಾಕಪ್ಪನ್ನು ಆ ಕಾಪಿಯಲ್ಲಿ ಹಾಕಿ, ಅದು ಎದ್ದು ನಿಂತಿತೇ ನೋಡಿದ ಮೇಲೆಯೇ ಅದಕ್ಕೆ ಬ್ಯಾಕಪ್ ಎಂಬ ಹೆಸರು. ಹೊಸ ಪ್ಲಗಿನ್ನೂ ಮೊದಲು ಆ ಕಾಪಿಗೆ, ಆಮೇಲೆ ನಿಜವಾದ ಸೈಟಿಗೆ.

ಇನ್ನು ಬರೆಯಬಾರದೆಂದುಕೊಂಡಿದ್ದ ವಿಷಯಕ್ಕೆ ಬರುತ್ತೇನೆ.

ಪೀಣ್ಯದಲ್ಲಿ ಆಯುಧಪೂಜೆಯೆಂದರೆ ಏನೆಂದು ಹೊರಗಿನವರಿಗೆ ತಿಳಿಯುವುದು ಕಷ್ಟ. ಎರಡು ದಿನ ಮೊದಲೇ ಮೆಷಿನ್ ನಿಲ್ಲಿಸಿ, ಡೀಸೆಲಿನಲ್ಲಿ ತೊಳೆದು, ವೇಸ್ಟ್ ಬಟ್ಟೆಯಲ್ಲಿ ಒರೆಸಿ, ಎಣ್ಣೆ ಬಿಟ್ಟು, ಬಣ್ಣ ಹೋದಲ್ಲಿ ಬಣ್ಣ ಬಳಿಯುತ್ತೇವೆ. ಪೂಜೆಯ ಹೊತ್ತಿಗೆ ಒಂದು ಸ್ಪ್ಯಾನರಿನ ಮೇಲೂ ಕೊಳೆ ಇರಬಾರದು. ಪೂಜೆಯಾದ ಮೇಲೆ, ವಿಜಯದಶಮಿ ಕಳೆಯುವ ತನಕ ಯಾರೂ ಯಾವುದನ್ನೂ ಮುಟ್ಟುವುದಿಲ್ಲ. ಆ ವರ್ಷ ಯಜಮಾನರು ಕಂಪ್ಯೂಟರನ್ನೂ ಪೂಜೆಗೆ ಇಡಿಸಿದರು. ಬಾಳೆಕಂದು ಕಟ್ಟಿಯಾಗಿತ್ತು, ಭಟ್ಟರು ಬಂದು ಕೂತಿದ್ದರು. ಯಜಮಾನರು ಪರದೆಯತ್ತ ಬಗ್ಗಿ ನೋಡಿದರು.

"ರಂಗ, ಇದೇನಯ್ಯ ಕೆಂಪಗೆ ಹನ್ನೊಂದು ಅಂತ?"

"ಹನ್ನೊಂದು ಪ್ಲಗಿನ್ ಅಪ್‌ಡೇಟ್ ಬಾಕಿ ಇದೆ ಸಾರ್. ಹಬ್ಬ ಆದ್ಮೇಲೆ ಒಂದೊಂದಾಗಿ ಮಾಡ್ತೀನಿ."

"ಹಬ್ಬದ ದಿನ ಬಾಕಿ ಇಟ್ಕೊಂಡು ಪೂಜೆ ಮಾಡ್ತಾರೇನಯ್ಯ? ತೆಗಿ ಅದನ್ನ."

"ಎರಡು ದಿನ ಬೇಕು ಸಾರ್."

"ಎಲ್ಲಾ ಒಟ್ಟಿಗೆ ಮಾಡೋಕೆ ಬರಲ್ವಾ?"

"ಬರತ್ತೆ ಸಾರ್."

"ಮತ್ತೆ ಮಾಡು. ಭಟ್ಟರಿಗೆ ಇನ್ನೂ ಆರು ಕಾರ್ಖಾನೆ ಇದೆ."

ಬರತ್ತೆ ಸಾರ್ ಎಂದೆನಲ್ಲ, ಅಲ್ಲೇ ಕೆಟ್ಟೆ. ಆಗಲ್ಲ ಸಾರ್ ಎನ್ನಬೇಕಿತ್ತು. ಮೂವತ್ತು ವರ್ಷ ಅವರ ಅನ್ನ ತಿಂದಿದ್ದೆ, ಎಲ್ಲರೂ ಸ್ನಾನ ಮಾಡಿ ಹೊಸ ಬಟ್ಟೆ ಹಾಕಿಕೊಂಡು ನಿಂತಿದ್ದರು, ಬಾಯಿ ಬರಲಿಲ್ಲ. ಎಲ್ಲವನ್ನೂ ಸೆಲೆಕ್ಟ್ ಮಾಡಿ ಒತ್ತಿದೆ. ಬ್ಯಾಕಪ್ ತೆಗೆಯಲಿಲ್ಲ, ಮೊದಲು ಕಾಪಿಯಲ್ಲಿ ಹಾಕಿ ನೋಡಲಿಲ್ಲ. ಕೆಂಪು ಹೋಯಿತು. ಮೊದಲ ಪುಟ ತೆರೆದು ನೋಡಿದೆ, ಚೆನ್ನಾಗಿಯೇ ಇತ್ತು. ಯಜಮಾನರು "ನೋಡು, ಆಯ್ತಲ್ಲ" ಎಂದರು. ಕಂಪ್ಯೂಟರಿಗೆ ಕುಂಕುಮ ಇಟ್ಟು, ಚೆಂಡುಹೂವಿನ ಹಾರ ಹಾಕಿ, ಕುಂಬಳಕಾಯಿ ಒಡೆದು, ಕಡ್ಲೆಪುರಿ ಹಂಚಿ ಮನೆಗೆ ಹೋದೆವು.

ಲೇತು ಕೆಟ್ಟರೆ ಸದ್ದು ಮಾಡುತ್ತದೆ. ವೆಬ್‌ಸೈಟು ಮಾಡುವುದಿಲ್ಲ. ಹಬ್ಬ ಮುಗಿದು ಕೆಲಸ ಶುರುವಾಯಿತು. ಫಾರ್ಮಿನಿಂದ ಒಂದೂ ಮೇಲ್ ಇಲ್ಲ. ಜನ ಊರಿಗೆ ಹೋಗಿದ್ದಾರೆ, ಇನ್ನೂ ಬಂದಿಲ್ಲ ಎಂದುಕೊಂಡೆವು. ಎರಡನೆಯ ವಾರವೂ ಇಲ್ಲ. ಆಗ ಬಹಳ ವರ್ಷದ ಗಿರಾಕಿಯೊಬ್ಬರು ಫೋನ್ ಮಾಡಿ, "ಮೂರು ಸಲ ಕಳಿಸಿದೆ, ಮೂರು ಸಲವೂ 'ಧನ್ಯವಾದ, ತಲುಪಿದೆ' ಅಂತ ಬಂತು. ಒಂದು ಉತ್ತರ ಇಲ್ಲ. ಬೇರೆ ಕಡೆ ಆರ್ಡರ್ ಕೊಟ್ಬಿಟ್ವಿ" ಎಂದರು.

ಯಜಮಾನರು ವಿಮಲಾ ಅವರನ್ನು ಎಲ್ಲರ ಮುಂದೆ ನಿಲ್ಲಿಸಿಕೊಂಡರು. "ಮೇಲ್ ನೋಡೋದು ಬಿಟ್ಟು ಏನ್ ಮಾಡ್ತಿದ್ದೆ ಇಷ್ಟ್ ದಿನ?"

"ದಿನಾ ನೋಡಿದೀನಿ ಸಾರ್. ಏನೂ ಬಂದಿಲ್ಲ."

"ಹಾಗಾದ್ರೆ ಅವರು ಸುಳ್ಳು ಹೇಳ್ತಾರಾ?"

ವಿಮಲಾ ನನ್ನತ್ತ ತಿರುಗಿ ನೋಡಿದರು. ನಾನು ಕೈಯಲ್ಲಿದ್ದ ಸ್ಪ್ಯಾನರನ್ನು ಒರೆಸುತ್ತಿದ್ದೆ.

ಮಧ್ಯಾಹ್ನ ಎಲ್ಲರೂ ಊಟಕ್ಕೆ ಎದ್ದ ಮೇಲೆ ಕಂಪ್ಯೂಟರಿನ ಮುಂದೆ ಕೂತೆ. ಒಂದೊಂದೇ ಪ್ಲಗಿನ್ನು ನಿಲ್ಲಿಸಿ, ಒಂದೊಂದು ಸಲ ಫಾರ್ಮು ಕಳಿಸಿ ನೋಡಿದೆ. ಏಳನೆಯದಕ್ಕೆ ತಪ್ಪು ಸಿಕ್ಕಿತು. ಮೇಲ್ ಕಳಿಸುವ ಪ್ಲಗಿನ್ನಿನ ಹೊಸ ಮಾದರಿಗೂ ಫಾರ್ಮಿನ ಹೊಸ ಮಾದರಿಗೂ ಹಲ್ಲು ಕೂರುತ್ತಿರಲಿಲ್ಲ. ಫಾರ್ಮು ಬಾಯಲ್ಲಿ ಧನ್ಯವಾದ ಹೇಳಿ, ಕೈಯಲ್ಲಿ ಏನನ್ನೂ ಕಳಿಸುತ್ತಿರಲಿಲ್ಲ. ಹಳೆಯ ಮಾದರಿ ಹುಡುಕಿ ಹಾಕಿದೆ. ಸರಿಹೋಯಿತು. ಯಾರಿಗೂ ಹೇಳಲಿಲ್ಲ. ಮಾರನೆಯ ದಿನ ಮೇಲ್‌ಗಳು ಬಂದವು. ಯಜಮಾನರು, "ನೋಡ್ದಾ ರಂಗ, ಬೈದ್ಮೇಲೆ ಮೇಲ್ ಕಾಣಿಸ್ತಿದೆ ಆಯಮ್ಮಂಗೆ" ಎಂದರು. ನಾನು ಹೂಂ ಎಂದೆ.

ಮೇಲ್ ನೋಡುವ ಕೆಲಸವನ್ನು ಅವರಿಂದ ತೆಗೆದು ಬೇರೆಯವರಿಗೆ ಕೊಟ್ಟರು. ತಿಂಗಳ ಕೊನೆಗೆ ವಿಮಲಾ ಕೆಲಸ ಬಿಟ್ಟರು. ಹೊರಡುವ ದಿನ ನನ್ನ ನೋಟ್‌ಬುಕ್ಕನ್ನು ತಂದು ಬೆಂಚಿನ ಮೇಲಿಟ್ಟು, "ರಂಗಣ್ಣ, ಇಷ್ಟು ವರ್ಷದಲ್ಲಿ ಆಯುಧಪೂಜೆ ದಿನದ್ದೊಂದನ್ನ ಮಾತ್ರ ಬರೆದಿಲ್ಲ ನೀವು" ಎಂದರು.

ಕಿರಣನನ್ನು ಇಷ್ಟು ಹೊತ್ತು ಆಡಿಕೊಂಡೆ. ಅವನಾದರೂ ಎಲ್ಲಾ ಒಟ್ಟಿಗೆ ನಾವೇ ಮಾಡಿದ್ವಿ ಸಾರ್ ಎಂದು ಬಾಯಿಬಿಟ್ಟು ಹೇಳಿದ್ದ.

ಆಮೇಲೆ ನಾನು ನಿವೃತ್ತಿಯಾಗುವ ತನಕ ಎರಡು ಪ್ಲಗಿನ್ನನ್ನು ಜೊತೆಗೆ ಒತ್ತಲಿಲ್ಲ. ಕಾಲವೂ ಬದಲಾಯಿತು. ಸೈಟು ಇಡುವ ಕಂಪನಿಯವರೇ ದಿನಾ ಬ್ಯಾಕಪ್ ತೆಗೆಯತೊಡಗಿದರು, ಕಾಪಿ ಸೈಟು ಒಂದು ಗುಂಡಿ ಒತ್ತಿದರೆ ಸಿಗತೊಡಗಿತು. ಪ್ಲಗಿನ್ನುಗಳು ತಾವೇ ಹೊಸದಾಗುವ ಏರ್ಪಾಡೂ ಬಂತು. ಇಷ್ಟೆಲ್ಲಾ ಕೈಗೆ ಬಂದ ಮೇಲೆ ಜನ ನೋಡುವುದನ್ನೇ ಬಿಟ್ಟರು. ಮೊದಲು ಸೋಮಾರಿಗಳಿಗೆ ಗೊತ್ತಿಲ್ಲ ಎಂಬ ನೆಪವಾದರೂ ಇತ್ತು. ಈಗ 'ಇರತ್ತೆ ಎಲ್ಲೋ' ಎನ್ನುತ್ತಾರೆ. ಎಲ್ಲೋ ಇರುವುದು ಬ್ಯಾಕಪ್ಪಲ್ಲ ಕಣ್ರಪ್ಪಾ. ಫಾರ್ಮು ಇದ್ದರೆ ತುಂಬಿ ಕಳಿಸಿ ನೋಡಿ, ಕಳಿಸಿದ್ದು ಬಂದು ಬಿತ್ತೇ ನೋಡಿ. ಮೊದಲ ಪುಟ ತೆರೆಯಿತೆಂದು ಚಪ್ಪಾಳೆ ತಟ್ಟಬೇಡಿ.

ಇನ್ನುಳಿದದ್ದನ್ನು ರಾತ್ರಿ ಊಟವಾದ ಮೇಲೆ ಬರೆಯುತ್ತಿದ್ದೇನೆ. ಭೂಮಿಕಾ ಬಂದಾಗ ಎಂಟು ಗಂಟೆಯಾಗಿತ್ತು. ಉಮೇಶ ಅವಳಿಗಿಂತ ಮೊದಲೇ ಬಂದು, ಟೀವಿ ಹಾಕದೆ ಕೂತಿದ್ದ. ಸೊಸೆ ಬಾಗಿಲಲ್ಲೇ ಕೇಳಿದಳು, "ಏನಾಯ್ತೇ?"

"ಅಮ್ಮ, ಬ್ಯಾಗ್ ಇಡಕ್ಕಾದ್ರೂ ಬಿಡು. ತುಂಬಾ ಹಸಿವು."

ಮುದ್ದೆ, ಹುರುಳಿಕಾಳಿನ ಬಸ್ಸಾರು. ಮಧ್ಯಾಹ್ನ ನನ್ನನ್ನು ಬೈದ ಗಂಗಮ್ಮ ಶಾವಿಗೆ ಪಾಯಸವನ್ನೂ ಮಾಡಿದ್ದಳು. ಕೆಲಸ ಉಳಿದಿದ್ದರೆ ಸಂತೋಷಕ್ಕೆ, ಹೋಗಿದ್ದರೆ ಸಮಾಧಾನಕ್ಕೆ. ಐದೂ ಜನ ನೆಲದ ಮೇಲೆ ಕೂತೆವು. ಎರಡು ತುತ್ತು ನುಂಗಿದ ಮೇಲೆ ಭೂಮಿಕಾ ಹೇಳಿದಳು.

"ನಾನು ಒತ್ತಲ್ಲ ಅಂದ್ನಲ್ಲ, ಸಾರ್ ಪಕ್ಕದವನಿಗೆ ಒತ್ತು ಅಂದ್ರು. ಅವನು ಊಟಕ್ಕೆ ಹೋಗ್ಬಂದು ಮಾಡ್ತೀನಿ ಅಂದ. ನಾಲ್ಕು ಗಂಟೆ ಆದ್ರೂ ಅವನ ಊಟ ಮುಗೀಲಿಲ್ಲ. ಇನ್ನೊಬ್ಬಳಿಗೆ ಹೇಳಿದ್ರು. ಅವಳಿಗೆ ಪಾಸ್‌ವರ್ಡ್ ಮರೆತೋಯ್ತು. ಕೊನೆಗೆ ಅವರೇ ನನ್ನ ಸೀಟಲ್ಲಿ ಬಂದು ಕೂತ್ರು."

"ಒತ್ತಿದ್ರಾ?" ಎಂದ ಉಮೇಶ.

"ಮೌಸ್ ಮೇಲೆ ಕೈಯಿಟ್ಟು ಸುಮ್ನೆ ಕೂತಿದ್ರು ಅಪ್ಪ. ಆಮೇಲೆ ಎದ್ದು, 'ನೀನ್ ಹೇಳೋ ಥರ ಮಾಡಿದ್ರೆ ಎಷ್ಟ್ ದಿನ ಬೇಕು?' ಅಂದ್ರು. ಮೂರು ಅಂದೆ. ಎರಡರಲ್ಲಿ ಮುಗಿಸು ಅಂದ್ರು. ಸೋಮವಾರದಿಂದ ಶುರು."

"ಪ್ರೊಬೇಷನ್?"

"ಆ ಮಾತೇ ಎತ್ತಲಿಲ್ಲ. ನನ್ನ ತೆಗೆದ್ರೆ ಅದನ್ನ ಮಾಡೋರು ಯಾರು?"

ಉಮೇಶ ನಕ್ಕ. ಮಧ್ಯಾಹ್ನದಿಂದ ಬಿಗಿದಿದ್ದ ಮುಖ ಸಡಿಲವಾಗಿ, ತಾನೇ ಮಗಳ ತಟ್ಟೆಗೆ ಪಾಯಸ ಬಡಿಸಿದ. ಆಮೇಲೆ ನನ್ನತ್ತ ತಿರುಗಿ, "ಅಪ್ಪ, ನಿಮ್ಮ ಯಜಮಾನ್ರು ಹಿಂಗೆ ಒತ್ತು ಅಂದಿದ್ರೆ ನೀವೇನಂತಿದ್ರಿ?" ಎಂದ. ನನ್ನನ್ನು ಹೊಗಳುವುದಕ್ಕೇ ಕೇಳಿದ್ದು.

"ಅಂದಿದ್ರು. ಒತ್ತಿದೆ" ಎಂದೆ.

ಮೇಲೆ ಬರೆದದ್ದನ್ನೆಲ್ಲ ಹೇಳಿದೆ. ಮುಗಿದ ಮೇಲೆ ಭೂಮಿಕಾ ಕೇಳಿದಳು, "ವಿಮಲಾ ಆಂಟಿ ಈಗ ಎಲ್ಲಿದಾರೆ ತಾತ?"

"ಚೊಕ್ಕಸಂದ್ರದಲ್ಲಿ ಸ್ವಂತ ಮನೆ. ಅಲ್ಲೇ ಇರ್ಬೇಕು."

"ಇಲ್ಲೇ ಐತಲ್ಲ, ಕೂಗಳತೆ" ಎಂದಳು ಗಂಗಮ್ಮ. "ಇಷ್ಟ್ ವರ್ಷ ಏನ್ ಮಾಡ್ತಿದ್ರಿ?"

ಉಮೇಶ, "ನಾಳೆ ಶನಿವಾರ. ಬೆಳಿಗ್ಗೆ ಅವರ ಮನೆ ಹತ್ರ ಗಾಡೀಲಿ ಬಿಡ್ತೀನಿ. ಒಬ್ರೇ ಒಳಗೋಗಿ" ಎಂದ.

ಸರಿ ಎಂದೆ. ಗಂಗಮ್ಮ ನನ್ನ ತಟ್ಟೆಗೆ ಇನ್ನರ್ಧ ಮುದ್ದೆ ಹಾಕಿ, ನಡುವೆ ಗುಳಿ ಮಾಡಿ ಸಾರು ಬಿಟ್ಟಳು. ಭೂಮಿಕಾ ಸೋಮವಾರ ಮೊದಲು ಯಾವ ಪ್ಲಗಿನ್ನು, ಆಮೇಲೆ ಯಾವುದು ಎಂದು ಎಡಗೈಯಲ್ಲಿ ಲೆಕ್ಕ ಹಾಕುತ್ತಾ, ಬಲಗೈಯಲ್ಲಿ ಉಣ್ಣುತ್ತಿದ್ದಳು. ಐದೂ ಜನ ಪಾತ್ರೆ ಬರಿದಾಗುವ ತನಕ ಉಂಡೆವು.